ಕ್ರಾಂತಿ ಕಿವಿಗೆ ಕೇಳಿಸುವ ಪಾಠಗಳು, ಕೇಳಿಸದ ಪಾಠಗಳು: ಕ್ಲಾಸಿಕಲ್ ಯುಗದ ಕುರಿತ ಒಂದು ಆನ್‌ಲೈನ್ ಕೋರ್ಸಿನ ವಿಮರ್ಶೆ

ಮೊಜಾರ್ಟ್‌ನ ‘ಡಾನ್ ಜೊವಾನ್ನಿ’ ಒಪೆರಾದ ಮೊದಲನೆಯ ಅಂಕದ ಕೊನೆಗೆ ಒಂದು ಔತಣಕೂಟದ ದೃಶ್ಯ ಬರುತ್ತದೆ. ರಂಗದ ಮೇಲೆ ಮೂರು ಚಿಕ್ಕ ವಾದ್ಯವೃಂದಗಳು ಏಕಕಾಲಕ್ಕೆ ಮೂರು ಬೇರೆ ಬೇರೆ ಕುಣಿತಗಳನ್ನು ನುಡಿಸುತ್ತವೆ: ಕುಲೀನರಿಗೆ ಮೂರೆಣಿಕೆಯ ಮಿನುಯೆಟ್, ಮಧ್ಯಮ ದರ್ಜೆಯವರಿಗೆ ಎರಡೆಣಿಕೆಯ ಕಾಂತ್ರದಾನ್ಸ್, ಹಳ್ಳಿಗರಿಗೆ ಚುರುಕಾದ ಜರ್ಮನ್ ಕುಣಿತ. ನಾನು ಈಚೆಗೆ ಚಂದಾ ಕಟ್ಟಿ ಕೇಳಿ ಮುಗಿಸಿದ ಹದಿನಾರು ಉಪನ್ಯಾಸಗಳ ಕೋರ್ಸಿನಲ್ಲಿ ಅತ್ಯುತ್ತಮ ಎನ್ನಬಹುದಾದ ಇಪ್ಪತ್ತು ನಿಮಿಷಗಳು ಈ ದೃಶ್ಯಕ್ಕೇ ಮೀಸಲಾಗಿವೆ. ಉಪನ್ಯಾಸಕಿ ಮೊದಲು ಮೂರು ಕುಣಿತಗಳನ್ನು ಬಿಡಿಬಿಡಿಯಾಗಿ ನುಡಿಸುತ್ತಾರೆ, ಆಮೇಲೆ ಎರಡನ್ನು ಕೂಡಿಸುತ್ತಾರೆ, ಕಡೆಗೆ ಮೂರನ್ನೂ ಒಟ್ಟಿಗೆ ಬಿಡುತ್ತಾರೆ. ಯಾರು ಯಾವ ಕುಣಿತಕ್ಕೆ ಹೆಜ್ಜೆ ಹಾಕುತ್ತಿದ್ದಾರೆ ನೋಡಿ ಎಂದು ಅಲ್ಲಿಂದ ಅವರು ನಮ್ಮ ಗಮನವನ್ನು ಪಾತ್ರಗಳ ಕಡೆಗೆ ತಿರುಗಿಸುತ್ತಾರೆ. ಕುಲೀನರಾದ ದೋನ್ನಾ ಅನ್ನಾ ಮತ್ತು ಒತ್ತಾವಿಯೋ ತಮ್ಮ ಅಂತಸ್ತಿಗೆ ತಕ್ಕಂತೆ ಮಿನುಯೆಟ್ಟನ್ನೇ ಕುಣಿಯುತ್ತಾರೆ. ಹಳ್ಳಿಯ ಹುಡುಗಿ ಜೆರ್ಲಿನಾಳನ್ನು ಒಲಿಸಿಕೊಳ್ಳಲು ಹೊರಟ ಜೊವಾನ್ನಿ ತನ್ನ ಮೆಟ್ಟಿಲಿನಿಂದ ಒಂದಷ್ಟು ಇಳಿದು, ಅವಳನ್ನು ಒಂದಷ್ಟು ಏರಿಸಿ, ನಡುವಿನ ಕಾಂತ್ರದಾನ್ಸಿಗೆ ಕರೆದೊಯ್ಯುತ್ತಾನೆ. ಅವಳ ಗಂಡನಾಗಲಿರುವ ಮಜೆತ್ತೋನನ್ನು ಸೇವಕ ಲೆಪೊರೆಲ್ಲೊ ಬಲವಂತವಾಗಿ ಜರ್ಮನ್ ಕುಣಿತಕ್ಕೆ ಎಳೆಯುತ್ತಾನೆ. ಇದಕ್ಕೆ ಸ್ವಲ್ಪ ಮೊದಲು ಎಲ್ಲರೂ ಸೇರಿ ‘ಸ್ವಾತಂತ್ರ್ಯಕ್ಕೆ ಜಯವಾಗಲಿ’ ಎಂದು ಹಾಡಿಯೂ ಆಗಿದೆ. ಒಪೆರಾ ಪ್ರಾಗ್ ನಗರದಲ್ಲಿ ಮೊದಲು ಪ್ರದರ್ಶನಗೊಂಡದ್ದು 1787ರ ಅಕ್ಟೋಬರ್ 29ರಂದು. ಫ್ರೆಂಚ್ ಕ್ರಾಂತಿಗೆ ನಾಂದಿಯಾಗಿ ಪ್ಯಾರಿಸ್ಸಿನ ಕೋಟೆ-ಸೆರೆಮನೆ ಬಾಸ್ಟೀಲ್ ಬಿದ್ದದ್ದು 1789ರ ಜುಲೈ 14ರಂದು. ಈ ಎರಡು ತಾರೀಖುಗಳನ್ನು ಉಪನ್ಯಾಸಕಿ ಒಮ್ಮೆ ಹೇಳಿ ಸುಮ್ಮನಾಗುತ್ತಾರೆ; ಅಷ್ಟು ಹೊತ್ತಿಗೆ ನಮ್ಮ ಕಿವಿಯಲ್ಲಿ ಮೂರು ತಾಳಗಳು ಒಂದರ ಮೇಲೊಂದು ಬಿದ್ದು ತಿಕ್ಕಾಡುತ್ತಿರುವುದರಿಂದ ಹೆಚ್ಚಿನ ವಿವರಣೆ ಬೇಕಾಗುವುದಿಲ್ಲ.

ಈ ಕೋರ್ಸಿನ ಬಗ್ಗೆ ನಾನು ಹೇಳಬೇಕಾದದ್ದು ಬಹುಮಟ್ಟಿಗೆ ಇಷ್ಟೇ: ಇತಿಹಾಸದ ಅಲ್ಲೋಲಕಲ್ಲೋಲವನ್ನು ಸ್ವರದೊಳಗೆ, ಕುಂಚದ ಗೆರೆಯೊಳಗೆ ತೋರಿಸಿಕೊಡುವ ಕಡೆಗಳಲ್ಲಿ ಇದು ಅಪರೂಪದ ಪಾಠ, ಇತಿಹಾಸವನ್ನು ನಾಟಕದ ಹಿಂದಿನ ಪರದೆಯ ಹಾಗೆ ಇಳಿಬಿಟ್ಟು ಅದರ ಮುಂದೆ ಸಂಗೀತಗಾರರ ಜೀವನಚರಿತ್ರೆ ಹೇಳುವ ಕಡೆಗಳಲ್ಲಿ ಯಾವ ಪಠ್ಯಪುಸ್ತಕದಲ್ಲಾದರೂ ಸಿಗುವ ಸರಕು. ಕೋರ್ಸಿನ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇದೇ ಅಚ್ಚಿನ ಕೋರ್ಸುಗಳು ಜಾಲದಲ್ಲಿ ಹಲವಿದ್ದು, ಇಲ್ಲಿನ ಮೆಚ್ಚುಗೆ ಮತ್ತು ಆಕ್ಷೇಪಗಳಲ್ಲಿ ಬಹುಪಾಲು ಅವಕ್ಕೂ ಅನ್ವಯಿಸುತ್ತವೆ ಎಂಬುದು ನನ್ನ ಎಣಿಕೆ.

ಮೊದಲು ಹೆಸರಿನ ಗೊಂದಲ. ‘ಕ್ಲಾಸಿಕಲ್’ ಎಂದೊಡನೆ ನಾವು ಶಾಸ್ತ್ರೀಯ ಸಂಗೀತ ಎಂದು ಅನುವಾದಿಸಿಕೊಂಡು ಎಲ್ಲವನ್ನೂ ಅದರೊಳಗೆ ತುಂಬಿಬಿಡುತ್ತೇವೆ. ಇಲ್ಲಿ ಆ ಪದಕ್ಕೆ ಇರುವುದು ಕಿರಿದಾದ ಅರ್ಥ. ಸುಮಾರು 1750ರಿಂದ 1820ರವರೆಗಿನ ಯುರೋಪು, ಅದರಲ್ಲೂ ಮುಖ್ಯವಾಗಿ ವಿಯೆನ್ನಾ ಮತ್ತು ಪ್ಯಾರಿಸ್, ಹೈಡನ್, ಮೊಜಾರ್ಟ್, ಬೇಥೋವನ್ ಎಂಬ ಮೂವರು, ಚಿತ್ರಕಲೆಯಲ್ಲಿ ನವ-ಕ್ಲಾಸಿಕಲ್ ಎಂದು ಕರೆಯಲಾಗುವ ಶೈಲಿ: ಇವು ಇದರ ಎಲ್ಲೆಗಳು. ಕೋರ್ಸನ್ನು ಇಬ್ಬರು ಹಂಚಿಕೊಂಡಿದ್ದಾರೆ. ಸಂಗೀತದ ಹತ್ತು ಪಾಠಗಳು ಪಿಯಾನೊ ವಾದಕಿಯೂ ಆಗಿರುವ ವಿದುಷಿಯೊಬ್ಬರವು. ಚಿತ್ರ, ಶಿಲ್ಪ ಮತ್ತು ರಾಜಕೀಯ ಇತಿಹಾಸದ ಆರು ಪಾಠಗಳು ಕಲಾ ಇತಿಹಾಸಕಾರರೊಬ್ಬರವು. ಈ ಹಂಚಿಕೆಯೇ ಕೋರ್ಸಿನ ದೊಡ್ಡ ತೊಡಕು ಎಂಬುದನ್ನು ಮುಂದೆ ಹೇಳುತ್ತೇನೆ.

ಸ್ವರಲಿಪಿ ಓದಲು ಬಾರದವರಿಗೂ ಪಾಠ ತಲುಪಬೇಕೆಂಬ ಎಚ್ಚರ ಎರಡನೆಯ ಉಪನ್ಯಾಸದಲ್ಲಿ ಚೆನ್ನಾಗಿ ಕಾಣುತ್ತದೆ. ಈ ಸಂಗೀತದಲ್ಲಿ ಆಧಾರಶ್ರುತಿಯೇ ಜಾಗ ಬಿಟ್ಟು ಕದಲುತ್ತದೆ, ಬೇರೊಂದು ಸ್ವರದಲ್ಲಿ ನೆಲೆಯೂರುತ್ತದೆ, ಅಲೆದಾಡಿ ಮರಳಿ ಬರುತ್ತದೆ, ಆ ಹೋಗಿಬರುವಿಕೆಯೇ ಸೊನಾಟಾ ರಚನೆಯ ಕಥೆ ಎಂಬುದನ್ನು ಅವರು ವ್ಯಾಖ್ಯೆಗಳಿಂದ ಹೇಳುವುದಿಲ್ಲ. ಒಂದು ವಾಕ್ಯವನ್ನು ಕೊನೆಯ ಸ್ವರಕ್ಕೆ ಮುಂಚೆ ನಿಲ್ಲಿಸಿ, ಕೈ ಎತ್ತಿ, ಕೆಲವು ಕ್ಷಣ ಸುಮ್ಮನೆ ಕೂರುತ್ತಾರೆ. ಕೇಳುಗನಿಗೆ ಆ ಕೊರತೆ ಮೈಯಲ್ಲೇ ಅರಿವಾಗುತ್ತದೆ. ಅವರು ನುಡಿಸುವುದು ಆ ಕಾಲದ ಮಾದರಿಯಲ್ಲಿ ಕಟ್ಟಿದ ಫೋರ್ಟೆಪಿಯಾನೊ: ಮರದ ಚೌಕಟ್ಟು, ತೊಗಲು ಹೊದಿಸಿದ ಸುತ್ತಿಗೆಗಳು, ಐದು ಸ್ಥಾಯಿಗಳ ಕೀಲಿಮಣೆ. ಇಂದಿನ ಪಿಯಾನೊದ ಗುಂಯ್‌ಗುಡುವಿಕೆ ಇದರಲ್ಲಿಲ್ಲ, ನಾದ ಬೇಗ ಆರಿಹೋಗುತ್ತದೆ. ಬೇಥೋವನ್‌ನ ಆರಂಭದ ಸೊನಾಟಾಗಳು ಈ ಐದು ಸ್ಥಾಯಿಗಳ ಅಂಚಿಗೆ ಹೋಗಿ ಹೇಗೆ ತಲೆ ಬಡಿಯುತ್ತವೆ ಎಂಬುದನ್ನು ತೋರಿಸುವಾಗ, ಮೇಲಿನ ಕೊನೆಯ ಕೀಲಿಯನ್ನು ಒತ್ತಿ ಅದರ ಪಕ್ಕದ ಬರಿಯ ಮರದ ಮೇಲೆ ಬೆರಳು ತಟ್ಟುತ್ತಾರೆ. ವಾದ್ಯದ ಮಿತಿಯನ್ನು ಇಷ್ಟು ಸರಳವಾಗಿ ತೋರಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹೈಡನ್‌ನ ಊಳಿಗದ ಕರಾರುಪತ್ರದ ಮೇಲಿನ ಪಾಠ ಕೋರ್ಸಿನ ಇನ್ನೊಂದು ಗಟ್ಟಿ ಭಾಗ. 1761ರಲ್ಲಿ ಎಸ್ಟರ್‌ಹಾಜಿ ಮನೆತನದ ಸೇವೆಗೆ ಸೇರಿದಾಗ ಆತ ಒಪ್ಪಿಕೊಂಡ ಷರತ್ತುಗಳನ್ನು ಉಪನ್ಯಾಸಕಿ ಒಂದೊಂದಾಗಿ ಓದುತ್ತಾರೆ. ಸಮವಸ್ತ್ರ ಧರಿಸಿರಬೇಕು, ಬಿಳಿ ಕಾಲುಚೀಲ ಹಾಕಿರಬೇಕು, ಪ್ರತಿದಿನ ಹಾಜರಾಗಿ ಇಂದು ಸಂಗೀತ ಬೇಕೇ ಎಂದು ಅಪ್ಪಣೆ ಕೇಳಬೇಕು, ರಚಿಸಿದ ಕೃತಿಗಳನ್ನು ಹೊರಗಿನ ಯಾರಿಗೂ ನಕಲು ಮಾಡಿ ಕೊಡಕೂಡದು. ಅಂದರೆ ಸಂಗೀತಗಾರನ ಸ್ಥಾನ ಮನೆಯ ಊಳಿಗದವರ ಸಾಲಿನಲ್ಲಿ, ಕೃತಿಯ ಒಡೆತನ ಒಡೆಯನದು. 1779ರ ಹೊಸ ಕರಾರಿನಲ್ಲಿ ಈ ಕೊನೆಯ ನಿರ್ಬಂಧ ಬಿದ್ದುಹೋಯಿತು, ಹೈಡನ್ ತನ್ನ ಕೃತಿಗಳನ್ನು ಪ್ರಕಾಶಕರಿಗೆ ಮಾರಬಹುದಾಯಿತು. 1790ರಲ್ಲಿ ರಾಜಕುಮಾರ ನಿಕೊಲಾಸ್ ತೀರಿಕೊಂಡಾಗ ಉತ್ತರಾಧಿಕಾರಿ ವಾದ್ಯವೃಂದದ ಬಹುಪಾಲನ್ನು ವಿಸರ್ಜಿಸಿದ. ಹೈಡನ್ ಲಂಡನ್ನಿನ ಹಾದಿ ಹಿಡಿದ. ಅಲ್ಲಿ ಹಣ ಕೊಟ್ಟು ಬಂದ ಸಾರ್ವಜನಿಕರ ಮುಂದೆ ನುಡಿಸಲೆಂದು ಎರಡು ಪ್ರವಾಸಗಳಿಗಾಗಿ ಹನ್ನೆರಡು ಸಿಂಫನಿಗಳು, ಅಂದರೆ ವಾದ್ಯವೃಂದದ ದೊಡ್ಡ ಕೃತಿಗಳು, ಹುಟ್ಟಿದವು. ಆಶ್ರಯದಿಂದ ಮಾರುಕಟ್ಟೆಗೆ ಎಂಬ ಈ ಬದಲಾವಣೆಯನ್ನು ಹೇಳಲು ಅವರು ಎರಡು ಸಿಂಫನಿಗಳ ಆರಂಭಗಳನ್ನು ಪಕ್ಕಪಕ್ಕದಲ್ಲಿಟ್ಟಿದ್ದಾರೆ. ಅರಮನೆಯ ಚಿಕ್ಕ ತಂಡಕ್ಕೆ ಬರೆದದ್ದು ಒಂದು, ಮಾತಾಡುತ್ತಲೇ ಇರುವ ದೊಡ್ಡ ಸಭೆಯನ್ನು ಮೊದಲು ಸುಮ್ಮನಾಗಿಸಬೇಕಾದದ್ದು ಇನ್ನೊಂದು. ಎರಡನೆಯದರ ಮೊದಲ ಮೊಳಗೇ ಬೇರೆ.

ಆದರೆ ಇದೇ ಪಾಠದಲ್ಲಿ 1772ರ ‘ವಿದಾಯ’ ಸಿಂಫನಿಯನ್ನು ಒಂದು ಚಟಾಕಿಯಂತೆ ಮುಗಿಸಿದ್ದು ನನಗೆ ಹಿಡಿಸಲಿಲ್ಲ. ಕೊನೆಯ ಭಾಗದಲ್ಲಿ ವಾದಕರು ಒಬ್ಬೊಬ್ಬರಾಗಿ ಮೇಣದಬತ್ತಿ ಆರಿಸಿ ಎದ್ದುಹೋಗುವ ಕಥೆ ಎಲ್ಲರಿಗೂ ಗೊತ್ತು: ಹೆಂಡಿರು ಮಕ್ಕಳನ್ನು ದೂರ ಬಿಟ್ಟು ಬೇಸಗೆಯ ಅರಮನೆಯಲ್ಲಿ ಸಿಕ್ಕಿಬಿದ್ದವರು ಮನೆಗೆ ಹೋಗಲು ಅಪ್ಪಣೆ ಕೇಳಿದ ರೀತಿ ಅದು. ಬಾಯಿಬಿಟ್ಟು ಕೇಳುವಂತಿಲ್ಲದವರು ಬತ್ತಿ ಆರಿಸಿ ಕೇಳಿದರು ಎಂಬುದರ ತೂಕ, ಆಗಷ್ಟೇ ಓದಿದ ಕರಾರುಪತ್ರದ ಪಕ್ಕದಲ್ಲಿಟ್ಟರೆ ತಾನಾಗಿಯೇ ಏರುತ್ತಿತ್ತು. ಇಡಲಿಲ್ಲ.

ಮೊಜಾರ್ಟ್‌ನ ಒಪೆರಾ ‘ಫಿಗರೋನ ಮದುವೆ’ಯ ಪಾಠದಲ್ಲಿ ಇಂಥ ಜಾರುವಿಕೆ ಇಲ್ಲ. ಫ್ರೆಂಚ್ ನಾಟಕಕಾರ ಬೋಮಾರ್ಶೆಯ ಮೂಲ ನಾಟಕ ಪ್ಯಾರಿಸ್ಸಿನಲ್ಲಿ ಸಾರ್ವಜನಿಕವಾಗಿ ರಂಗಕ್ಕೆ ಬಂದದ್ದು 1784ರಲ್ಲಿ. ಅದರ ಪ್ರದರ್ಶನವನ್ನು ಚಕ್ರವರ್ತಿ ಎರಡನೆಯ ಜೋಸೆಫ್ ವಿಯೆನ್ನಾದಲ್ಲಿ ತಡೆದ. ಹಾಗಿದ್ದೂ ದಾ ಪೊಂತೆ ಬರೆದುಕೊಟ್ಟ ಒಪೆರಾ ರೂಪ 1786ರ ಮೇ 1ರಂದು ಅದೇ ಚಕ್ರವರ್ತಿಯ ಬುರ್ಗ್ ರಂಗಮಂದಿರದಲ್ಲಿ ಪ್ರದರ್ಶನಗೊಂಡಿತು. ನಾಟಕದಲ್ಲಿದ್ದ ನೇರ ರಾಜಕೀಯ ಭಾಷಣ ಒಪೆರಾದಲ್ಲಿ ಕತ್ತರಿಸಿಹೋಗಿದೆ ಎಂಬಲ್ಲಿಗೆ ಸಾಮಾನ್ಯವಾಗಿ ವಿವರಣೆ ಮುಗಿಯುತ್ತದೆ. ಇಲ್ಲಿ ಉಪನ್ಯಾಸಕಿ ಒಂದು ಹೆಜ್ಜೆ ಮುಂದೆ ಹೋಗಿ, ಕತ್ತರಿಸಿದ ಮಾತು ಸ್ವರದಲ್ಲಿ ಎಲ್ಲಿ ಅಡಗಿದೆ ಎಂದು ಹುಡುಕುತ್ತಾರೆ. ‘ಕುಣಿಯಬೇಕೆಂದಿದ್ದರೆ, ಸಣ್ಣ ದೊರೆಗಳೇ, ಗಿಟಾರ್ ನಾನು ನುಡಿಸುತ್ತೇನೆ’ ಎಂದು ಫಿಗರೋ ಒಬ್ಬನೇ ನಿಂತು ಹಾಡುವ ಹಾಡು ಮಿನುಯೆಟ್ಟಿನ ನಡೆಯಲ್ಲಿದೆ. ಸೇವಕನ ಬಾಯಲ್ಲಿ ಒಡೆಯನ ಕುಣಿತ. ಪಿಟೀಲುಗಳು ಕಮಾನು ಬಿಟ್ಟು ಬೆರಳಿನಿಂದ ತಂತಿ ಮೀಟುತ್ತವೆ, ಹಲ್ಲು ಕಚ್ಚಿದ ಮರ್ಯಾದೆಯೊಂದು ಹಾಡಿನುದ್ದಕ್ಕೂ ಇದೆ, ನಡುವೆ ಲಯ ಎರಡೆಣಿಕೆಗೆ ಹಾರಿ ಸಿಟ್ಟು ಹೊರಬೀಳುತ್ತದೆ. ಒಪೆರಾವನ್ನು ಹಲವು ಸಲ ಕೇಳಿದ್ದ ನನಗೆ ಇದು ಮಿನುಯೆಟ್ ಎಂದು ಹೊಳೆದೇ ಇರಲಿಲ್ಲ.

ಮೊಜಾರ್ಟ್‌ನ ಸಾವಿನ ವಿಷಯದಲ್ಲೂ ಕೋರ್ಸು ನೇರವಾಗಿದೆ. ಆತನನ್ನು ಭಿಕಾರಿಯಂತೆ ಹೂತರು ಎಂಬ ಕಣ್ಣೀರಿನ ಕಥೆಯನ್ನು ಬದಿಗಿಟ್ಟು, ಅದ್ದೂರಿ ಶವಸಂಸ್ಕಾರಗಳಿಗೆ ಕಡಿವಾಣ ಹಾಕಿದ್ದ ಜೋಸೆಫ್‌ನ 1784ರ ಸುಧಾರಣೆಗಳ ಹಿನ್ನೆಲೆಯಲ್ಲಿ 1791ರ ಡಿಸೆಂಬರ್‌ನ ಆ ಅಂತ್ಯಕ್ರಿಯೆಯನ್ನು ವಿವರಿಸುತ್ತದೆ. ಜೀತವನ್ನು ಸಡಿಲಿಸಿದ, ಧರ್ಮಸಹಿಷ್ಣುತೆಯ ಆಜ್ಞೆ ಹೊರಡಿಸಿದ, ಮಠಗಳನ್ನು ಮುಚ್ಚಿಸಿದ ದೊರೆಯೇ ಶವಪೆಟ್ಟಿಗೆಯ ಮಟ್ಟಕ್ಕೂ ಇಳಿದು ನಿಯಮ ಮಾಡಿದ್ದ ಎಂಬುದು ಜ್ಞಾನೋದಯ ಯುಗದ ಸ್ವಭಾವವನ್ನು ಯಾವ ದೊಡ್ಡ ಮಾತಿಗಿಂತಲೂ ಚೆನ್ನಾಗಿ ಹೇಳುತ್ತದೆ.

ಚಿತ್ರಕಲೆಯ ಪಾಠಗಳಿಗೆ ಬಂದರೆ ಅಭಿಪ್ರಾಯ ಎರಡಾಗಿ ಒಡೆಯುತ್ತದೆ. ಜ್ವಾಲಾಮುಖಿಯಲ್ಲಿ ಹೂತುಹೋಗಿದ್ದ ಪ್ರಾಚೀನ ರೋಮನ್ ಪಟ್ಟಣಗಳಲ್ಲಿ ಹರ್ಕ್ಯುಲೇನಿಯಂನ ಉತ್ಖನನ 1738ರಲ್ಲಿ, ಪಾಂಪೆಯದು 1748ರಲ್ಲಿ ಆರಂಭವಾದದ್ದು, ಜರ್ಮನ್ ಕಲಾ ಇತಿಹಾಸಕಾರ ವಿಂಕಲ್‌ಮಾನ್‌ನ ಬರಹಗಳು ಗ್ರೀಕ್ ಶಿಲ್ಪದ ‘ಉದಾತ್ತ ಸರಳತೆ’ಯನ್ನು ಆದರ್ಶವಾಗಿ ನಿಲ್ಲಿಸಿದ್ದು, ಇವನ್ನೆಲ್ಲ ಓಡೋಡಿ ಮುಗಿಸಲಾಗಿದೆ, ಮುಗಿಸಿದ್ದೇ ಒಳ್ಳೆಯದಾಯಿತು. ಫ್ರೆಂಚ್ ಚಿತ್ರಕಾರ ದಾವೀದ್‌ನ ‘ಹೊರೇಷಿಯಸ್ ಸಹೋದರರ ಪ್ರತಿಜ್ಞೆ’ಯ ಮುಂದೆ ಉಪನ್ಯಾಸಕರು ನಿಧಾನಿಸುತ್ತಾರೆ. ಫ್ರೆಂಚ್ ರಾಜಸತ್ತೆಯೇ ಬರೆಯಿಸಿದ, 1784ರಲ್ಲಿ ರೋಮಿನಲ್ಲಿ ಬಿಡಿಸಿದ, ಮರುವರ್ಷ ಪ್ಯಾರಿಸ್ಸಿನ ಅಧಿಕೃತ ಕಲಾಪ್ರದರ್ಶನವಾದ ಸಲೋನ್‌ನಲ್ಲಿ ಪ್ರದರ್ಶನಗೊಂಡ ಈ ಚಿತ್ರ ಮುಂದೆ ರಾಜಸತ್ತೆಯನ್ನೇ ಉರುಳಿಸಿದವರ ಕಣ್ಣಿಗೆ ತಮ್ಮ ಪ್ರತಿಜ್ಞೆಯಂತೆ ಕಂಡದ್ದು ಹೇಗೆ ಎಂಬ ಪ್ರಶ್ನೆಯನ್ನು ಅವರು ಚೆನ್ನಾಗಿ ಬಿಡಿಸುತ್ತಾರೆ. ಅದೇ ದಾವೀದ್ ಮುಂದೆ ದೊರೆಯ ಮರಣದಂಡನೆಗೆ ಮತ ಹಾಕಿದ, 1793ರಲ್ಲಿ ಸ್ನಾನದ ತೊಟ್ಟಿಯಲ್ಲಿ ಕೊಲೆಯಾದ ಕ್ರಾಂತಿಯ ನಾಯಕ ಮರಾನನ್ನು ಹುತಾತ್ಮನಂತೆ ಬಿಡಿಸಿದ, ಕೆಲವೇ ವರ್ಷಗಳಲ್ಲಿ ನೆಪೋಲಿಯನ್‌ನ ಪಟ್ಟಾಭಿಷೇಕದ ಬೃಹತ್ ಚಿತ್ರವನ್ನೂ ರಚಿಸಿದ. ಆಲ್ಪ್ಸ್ ದಾಟುವ ನೆಪೋಲಿಯನ್‌ನನ್ನು ಹಿಂಗಾಲಿನ ಮೇಲೆ ನಿಂತ ಕುದುರೆಯ ಬೆನ್ನ ಮೇಲೆ ಕೂರಿಸಿದವನೂ ಅವನೇ. ವಾಸ್ತವದಲ್ಲಿ ಆ ದಾಟುವಿಕೆ ನಡೆದದ್ದು ಹೇಸರಗತ್ತೆಯ ಮೇಲೆ.

ಇಷ್ಟು ಚೆನ್ನಾಗಿ ನಡೆಯುತ್ತಿದ್ದ ಪಾಠ ‘ಪ್ರತಿಜ್ಞೆ’ಯ ಹಿನ್ನೆಲೆಯ ಮೂರು ಕಮಾನುಗಳನ್ನು ಸೊನಾಟಾ ರಚನೆಯ ಮೂರು ಭಾಗಗಳಿಗೆ ಹೋಲಿಸತೊಡಗಿದಾಗ ಹಳಿ ತಪ್ಪುತ್ತದೆ. ಮೂರು ಎಂಬ ಎಣಿಕೆ ಎಲ್ಲಿ ತಾನೆ ಸಿಗುವುದಿಲ್ಲ? ಒಂದೇ ಕಾಲದ ಕಲೆಗಳೆಲ್ಲ ಒಂದೇ ಆಕಾರದಲ್ಲಿರಬೇಕೆಂಬ ಹಟ ಪಾಠಗಾರರಿಗೆ ಅನುಕೂಲವೇ ಹೊರತು ಕಲೆಗಾರರಿಗೆ ಗೊತ್ತಿದ್ದ ಸಂಗತಿಯಲ್ಲ. ಕಲೆಗಳ ನಡುವಿನ ನಿಜವಾದ ನಂಟನ್ನು ಹುಡುಕಬೇಕಿದ್ದರೆ ಹಣ ಕೊಟ್ಟವರು ಯಾರು, ನೋಡಿದವರು ಯಾರು, ಸಿಟ್ಟಾದವರು ಯಾರು ಎಂದು ಕೇಳಬೇಕಿತ್ತು. ಚಿತ್ರಕಲಾವಿದೆ ವಿಜೇ ಲಬ್ರ್ಯಾಂಳ ಪ್ರಸಂಗದಲ್ಲಿ ಅವರೇ ಹಾಗೆ ಕೇಳಿದ್ದಾರೆ. 1783ರಲ್ಲಿ ಆಕೆ ರಾಣಿ ಮರಿ ಆಂತ್ವಾನೆತ್‌ಳನ್ನು ಹಗುರವಾದ ಮಸ್ಲಿನ್ ಉಡುಗೆಯಲ್ಲಿ ಚಿತ್ರಿಸಿದಾಗ ರಾಣಿ ಒಳ ಅಂಗಿಯಲ್ಲಿ ನಿಂತಿದ್ದಾಳೆಂದು ಗುಲ್ಲೆದ್ದು, ಚಿತ್ರವನ್ನು ಸಲೋನ್‌ನಿಂದ ತೆಗೆಸಿ, ರೇಷ್ಮೆಯುಟ್ಟ ಇನ್ನೊಂದನ್ನು ಇಡಬೇಕಾಯಿತು. ಬಟ್ಟೆಯ ಒಂದು ಮಡಿಕೆಯಲ್ಲಿ ರಾಜಮರ್ಯಾದೆ ಸಡಿಲುಗೊಂಡದ್ದನ್ನು ಜನ ಓದಿಕೊಂಡರು. ಈ ಹತ್ತು ನಿಮಿಷಗಳು ಕಮಾನುಗಳ ಇಡೀ ಹೋಲಿಕೆಗಿಂತ ಬೆಲೆಯುಳ್ಳವು. ಸ್ಪೇನಿನ ಚಿತ್ರಕಾರ ಗೋಯಾನ ಪಾಠವೂ ಹಾಗೆಯೇ ಬಿಗಿಯಾಗಿದೆ. ‘1808ರ ಮೇ ಮೂರು’ ಚಿತ್ರದಲ್ಲಿ ಮುಖ ಕಾಣದ ಸೈನಿಕರ ಸಾಲು ಮತ್ತು ನೆಲದ ಮೇಲಿಟ್ಟ ಕಂದೀಲಿನ ಬೆಳಕಿನ ಕುರಿತ ವಿವರಣೆಗೆ ನಾನು ಏನನ್ನೂ ಸೇರಿಸಲಾರೆ.

ಈಗ ನನ್ನ ಮುಖ್ಯ ದೂರು. ಒಂಬತ್ತು ಮತ್ತು ಹತ್ತನೆಯ ಉಪನ್ಯಾಸಗಳು ಫ್ರೆಂಚ್ ಕ್ರಾಂತಿಯ ಕುರಿತವು. ಎರಡೂ ಇತಿಹಾಸಕಾರರ ಪಾಲಿಗೆ ಬಿದ್ದಿವೆ. ಆದ್ದರಿಂದ ಒಂದೂವರೆ ಗಂಟೆಯ ಹೊತ್ತು ಸಭೆಗಳು, ಸಂವಿಧಾನಗಳು, ಗಿಲೋಟಿನ್ ಎಲ್ಲ ಬರುತ್ತವೆ, ಸಂಗೀತ ಮಾತ್ರ ಇಲ್ಲ. 1792ರ ಏಪ್ರಿಲ್‌ನಲ್ಲಿ ಸ್ಟ್ರಾಸ್‌ಬುರ್ಗ್‌ನಲ್ಲಿ ಹುಟ್ಟಿದ, ಮುಂದೆ ಫ್ರಾನ್ಸಿನ ರಾಷ್ಟ್ರಗೀತೆಯಾದ ‘ಮಾರ್ಸೆಯೇಸ್’ ಹಾಡಿನ ಅರ್ಧ ನಿಮಿಷದ ತುಣುಕೇ ಒಟ್ಟು ಸಂಗೀತ. ಕ್ರಾಂತಿ ಸಂಗೀತವನ್ನು ಸಭಾಂಗಣದಿಂದ ಬಯಲಿಗೆ ತಂದಿತು ಎಂಬ ಸರಳ ಸಂಗತಿ ಎಲ್ಲೂ ಬರುವುದಿಲ್ಲ. ಬಯಲಿನಲ್ಲಿ ಪಿಟೀಲು ಕೇಳಿಸದು. ಆದ್ದರಿಂದ ಊದುವಾದ್ಯಗಳು, ಭೇರಿಗಳು, ದೊಡ್ಡ ಮೇಳಗಾಯನ ಮುಂದೆ ಬಂದವು. 1790ರ ಜುಲೈ 14ರ ಒಕ್ಕೂಟ ಉತ್ಸವಕ್ಕೆ ಸ್ತುತಿಗೀತೆ ರಚಿಸಿದ ಗೊಸ್ಸೆಕ್‌ನ ‘ಶೋಕದ ನಡಿಗೆ’ 1791ರಲ್ಲಿ ಕ್ರಾಂತಿಯ ಮುಂದಾಳು ಮಿರಾಬೋನ ಶವಯಾತ್ರೆಯಲ್ಲಿ ನುಡಿಯಿತು. ಅದರಲ್ಲಿ ಸ್ವರಕ್ಕಿಂತ ಮೌನ ಹೆಚ್ಚು, ಮೌನದ ನಡುವೆ ಜಾಗಟೆಯ ಪೆಟ್ಟು. ರಾಷ್ಟ್ರರಕ್ಷಕ ದಳದ ವಾದಕರ ಶಾಲೆಯಿಂದ ಬೆಳೆದು 1795ರಲ್ಲಿ ಪ್ಯಾರಿಸ್ ಕನ್ಸರ್ವೇಟರಿ ಸ್ಥಾಪನೆಯಾಯಿತು. ಸಂಗೀತ ಶಿಕ್ಷಣವು ಚರ್ಚು ಮತ್ತು ಅರಮನೆಗಳ ಕೈಯಿಂದ ಸರ್ಕಾರದ ಕೈಗೆ ಬಂದ ಆ ಘಟನೆ ಒಂದು ಸ್ಲೈಡಿನ ಮೂಲೆಯಲ್ಲಿ ಒಂದು ಸಾಲಾಗಿ ಬಂದುಹೋಗುತ್ತದೆ. ಇದರ ಪರಿಣಾಮ ಮುಂದೆ ಕಾಣುತ್ತದೆ: ಹದಿಮೂರನೆಯ ಪಾಠದಲ್ಲಿ ಬೇಥೋವನ್‌ನ ‘ಎರೋಯಿಕಾ’ ಸಿಂಫನಿಯ ಶವಯಾತ್ರೆಯ ಭಾಗ ನುಡಿದಾಗ ಅದು ಆಕಾಶದಿಂದ ಉದುರಿದಂತೆ ಕೇಳಿಸುತ್ತದೆ. ಪ್ಯಾರಿಸ್ಸಿನ ಬೀದಿಗಳಲ್ಲಿ ಆ ನಡಿಗೆ ಆಗಲೇ ಸಾಗಿತ್ತು ಎಂದು ಕೇಳುಗನಿಗೆ ಯಾರೂ ಹೇಳಿಲ್ಲ.

ಕೆರಿಬಿಯನ್ನಿನ ಫ್ರೆಂಚ್ ದ್ವೀಪ ಗ್ವಾದಲೂಪಿನಲ್ಲಿ ತೋಟದ ಒಡೆಯನಿಗೂ ಗುಲಾಮಳಾಗಿದ್ದ ತಾಯಿಗೂ ಹುಟ್ಟಿ, ಪ್ಯಾರಿಸ್ಸಿನ ಅತಿ ದೊಡ್ಡ ಪಿಟೀಲುವಾದಕರಲ್ಲಿ ಒಬ್ಬನಾಗಿ, ಹೈಡನ್‌ನ ಪ್ಯಾರಿಸ್ ಸಿಂಫನಿಗಳನ್ನು ಬರೆಯಿಸಿದ ಸಂಸ್ಥೆಯ ವಾದ್ಯವೃಂದವನ್ನು ಮುನ್ನಡೆಸಿ, ಕ್ರಾಂತಿಯ ಸೈನ್ಯದಲ್ಲಿ ಕರ್ನಲ್ ಆಗಿ, ಕ್ರಾಂತಿಯದ್ದೇ ಸೆರೆಮನೆಯನ್ನೂ ಕಂಡ ಸೇಂಟ್-ಜಾರ್ಜ್‌ನಿಗೆ ಸಿಕ್ಕಿರುವುದು ಎರಡು ನಿಮಿಷ. ಸಂಗೀತ ಮತ್ತು ಕ್ರಾಂತಿ ಎರಡನ್ನೂ ಒಂದೇ ಬದುಕಿನಲ್ಲಿ ಹೊತ್ತವನು ಇವನು. ಇಬ್ಬರು ಪಾಠಗಾರರ ನಡುವಿನ ಗೋಡೆಯಲ್ಲಿ ಬಾಗಿಲು ತೆರೆಯಲು ಇದಕ್ಕಿಂತ ಒಳ್ಳೆಯ ಅವಕಾಶ ಇರಲಿಲ್ಲ.

‘ಎರೋಯಿಕಾ’ ಪಾಠದಲ್ಲಿ ಹೊಗಳಬೇಕಾದದ್ದು ಬೇರೆಯೇ ಇದೆ. ನೆಪೋಲಿಯನ್ 1804ರ ಮೇ ತಿಂಗಳಲ್ಲಿ ಚಕ್ರವರ್ತಿಯೆಂದು ಘೋಷಿತನಾದ ಸುದ್ದಿ ಕೇಳಿ ಬೇಥೋವನ್ ಆತನ ಹೆಸರಿದ್ದ ಮುಖಪುಟವನ್ನು ಹರಿದು ಎಸೆದ ಎಂಬ ಕಥೆಯನ್ನು ಅದು ಶಿಷ್ಯ ರೀಸ್ ಹೇಳಿದ ಕಥೆಯೆಂದೇ ಹೇಳಿ, ಉಳಿದಿರುವ ನಕಲುಪ್ರತಿಯ ಮುಖಪುಟದಲ್ಲಿ ಹೆಸರನ್ನು ಕಾಗದ ತೂತಾಗುವಷ್ಟು ಕೆರೆದು ಅಳಿಸಿರುವುದನ್ನು ತೋರಿಸುತ್ತಾರೆ. ಅಲ್ಲಿಗೆ ನಿಲ್ಲದೆ, ಅದೇ ವರ್ಷದ ಆಗಸ್ಟ್‌ನಲ್ಲಿ ಪ್ರಕಾಶಕರಿಗೆ ಬರೆದ ಪತ್ರದಲ್ಲಿ ಸಿಂಫನಿಯ ನಿಜವಾದ ಹೆಸರು ಬೊನಪಾರ್ಟ್ ಎಂದೇ ಬೇಥೋವನ್ ತಿಳಿಸಿದ್ದನ್ನೂ, ಕೃತಿ ಕಡೆಗೆ ಅರ್ಪಣೆಯಾದದ್ದು ರಾಜಕುಮಾರ ಲೋಬ್ಕೊವಿಟ್ಸ್‌ನಿಗೆ ಎಂಬುದನ್ನೂ ಸೇರಿಸುತ್ತಾರೆ. ಸಿಟ್ಟೂ ನಿಜ, ಲೆಕ್ಕಾಚಾರವೂ ನಿಜ. 1805ರ ನವೆಂಬರ್ 20ರಂದು ‘ಫಿದೆಲಿಯೊ’ದ ಮೊದಲ ರೂಪ ರಂಗಕ್ಕೆ ಬಂದಾಗ ವಿಯೆನ್ನಾ ಫ್ರೆಂಚರ ವಶವಾಗಿ ಒಂದು ವಾರವಷ್ಟೇ ಆಗಿತ್ತು, ಸೆರೆಯಾಳುಗಳ ಬಿಡುಗಡೆಯ ಒಪೆರಾವನ್ನು ನೋಡಲು ಕುಳಿತವರಲ್ಲಿ ಬಹಳ ಮಂದಿ ಆಕ್ರಮಿಸಿದ ಸೈನ್ಯದ ಅಧಿಕಾರಿಗಳು. ಇದನ್ನು ಹೇಳಿದವರು 1813ರ ‘ವೆಲಿಂಗ್‌ಟನ್‌ನ ವಿಜಯ’ವನ್ನೂ, ವಿಯೆನ್ನಾ ಕಾಂಗ್ರೆಸ್ಸಿನ ದೊರೆಗಳಿಗಾಗಿ 1814ರಲ್ಲಿ ಬರೆದ ಸ್ತುತಿಯನ್ನೂ ಬಿಟ್ಟದ್ದೇಕೋ. ಸ್ವಾತಂತ್ರ್ಯವೀರ ಬೇಥೋವನ್‌ನ ಚಿತ್ರ ಕೆಡಬಾರದೆಂದು ಇರಬೇಕು.

ತಾಂತ್ರಿಕ ಸಂಗತಿಗಳಲ್ಲಿ ಧ್ವನಿಮುದ್ರಣ ಚೊಕ್ಕಟವಾಗಿದೆ. ಹೆಡ್‌ಫೋನ್ ಇಲ್ಲದೆ ಕೇಳಿದರೆ ಫೋರ್ಟೆಪಿಯಾನೊದ ಮೆಲುದನಿ ಅರ್ಧ ಕಳೆದುಹೋಗುತ್ತದೆ. ವಾದ್ಯವೃಂದದ ತುಣುಕುಗಳು ತೀರ ಚಿಕ್ಕವು, ಪೂರ್ತಿ ಕೃತಿಗಳನ್ನು ನಾವೇ ಬೇರೆಡೆ ಹುಡುಕಿಕೊಳ್ಳಬೇಕು. ಇಂಗ್ಲಿಷ್ ಉಪಶೀರ್ಷಿಕೆಗಳನ್ನು ಯಂತ್ರದ ಕೈಗೆ ಒಪ್ಪಿಸಿ ಯಾರೂ ತಿದ್ದಿಲ್ಲ. ಹೈಡನ್ ಹಲವು ಕಡೆ ‘ಹಿಡನ್’, ಅಂದರೆ ‘ಅಡಗಿಕೊಂಡವ’ ಆಗಿದ್ದಾನೆ. ಪಾಠದ ಕೊನೆಯ ರಸಪ್ರಶ್ನೆಗಳಂತೂ ಬರೀ ತಾರೀಖುಗಳ ಪರೀಕ್ಷೆ. ಒಂದು ತುಣುಕು ನುಡಿಸಿ ಇದು ಮಿನುಯೆಟ್ಟೋ ಜರ್ಮನ್ ಕುಣಿತವೋ ಎಂದು ಕೇಳುವ ಒಂದೇ ಒಂದು ಪ್ರಶ್ನೆಯೂ ಹದಿನಾರು ಪಾಠಗಳಲ್ಲಿಲ್ಲ.

ಇಷ್ಟೆಲ್ಲ ಕೊರತೆಗಳಿದ್ದರೂ ಚಂದಾ ಕಟ್ಟಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಸಂಗೀತದ ಹತ್ತು ಪಾಠಗಳನ್ನು ಸಾಲಾಗಿ ಕೇಳಿ, ಗೋಯಾ ಮತ್ತು ದಾವೀದ್‌ರ ಎರಡನ್ನು ನಡುವೆ ಸೇರಿಸಿಕೊಂಡು, ಒಂಬತ್ತು ಮತ್ತು ಹತ್ತನ್ನು ಬಿಟ್ಟುಬಿಟ್ಟರೆ ಇದು ಒಳ್ಳೆಯ ಕೋರ್ಸು. ಖರೀದಿಸುವ ಮುನ್ನ ಪರೀಕ್ಷಿಸಬಯಸುವವರಿಗೆ ಹದಿನಾಲ್ಕನೆಯ ಪಾಠವನ್ನು ಉಚಿತವಾಗಿ ನೋಡಲು ಬಿಟ್ಟಿದ್ದಾರೆ. ಅದರ ವಿಷಯ ಯುದ್ಧಕಾಲದ ಹೈಡನ್. 1796ರ ‘ಯುದ್ಧಕಾಲದ ಪೂಜಾಗೀತೆ’ಯಲ್ಲಿ ‘ನಮಗೆ ಶಾಂತಿಯನ್ನು ಕೊಡು’ ಎಂಬ ಪ್ರಾರ್ಥನೆಯ ಕೆಳಗೆ ಭೇರಿಗಳು ದೂರದ ಸೈನ್ಯದಂತೆ ಮೆಲ್ಲನೆ ಮಿಡಿಯತೊಡಗುತ್ತವೆ. ಉಪನ್ಯಾಸಕಿ ಗಾಯನವನ್ನು ತಗ್ಗಿಸಿ ಆ ಮಿಡಿತವನ್ನಷ್ಟೇ ಒಮ್ಮೆ ಕೇಳಿಸುತ್ತಾರೆ. ಬಳಿಕ 1797ರಲ್ಲಿ ಚಕ್ರವರ್ತಿ ಫ್ರಾನ್ಸಿಸ್‌ನ ಹುಟ್ಟುಹಬ್ಬಕ್ಕೆ ರಚಿಸಿದ ಸ್ತುತಿಗೀತೆಯನ್ನು ನುಡಿಸುತ್ತಾರೆ. 1809ರ ಮೇ ತಿಂಗಳಲ್ಲಿ ಫ್ರೆಂಚ್ ಫಿರಂಗಿಗಳು ವಿಯೆನ್ನಾದ ಮೇಲೆ ಗುಂಡಿನ ಮಳೆಗರೆದಾಗ ಎಪ್ಪತ್ತೇಳು ವರ್ಷದ ಹೈಡನ್ ಮನೆಯಲ್ಲಿ ಪಿಯಾನೊ ಮುಂದೆ ಕುಳಿತು ನುಡಿಸುತ್ತಿದ್ದದ್ದು ಇದನ್ನೇ. ನಗರ ವಶವಾದ ಮೇಲೆ ಫ್ರೆಂಚ್ ಅಧಿಕಾರಿಯೊಬ್ಬ ಭೇಟಿಗೆ ಬಂದು ಹೈಡನ್‌ನದೇ ‘ಸೃಷ್ಟಿ’ ಎಂಬ ದೊಡ್ಡ ಗಾಯನಕೃತಿಯ ಒಂದು ಹಾಡನ್ನು ಅವನ ಮುಂದೆ ಹಾಡಿದ. ಮೇ 31ರಂದು ಹೈಡನ್ ತೀರಿಕೊಂಡ. ಜೂನ್ 15ರ ಶ್ರದ್ಧಾಂಜಲಿಯಲ್ಲಿ ನುಡಿಸಿದ್ದು ಮೊಜಾರ್ಟ್‌ನ ‘ರೆಕ್ವಿಯಂ’, ಅಂದರೆ ಸತ್ತವರಿಗಾಗಿ ಹಾಡುವ ಪೂಜಾಗೀತೆ. ಪಾಠ ಮುಗಿಯುವ ಮುಂಚೆ ಸ್ತುತಿಗೀತೆಯನ್ನು ಉಪನ್ಯಾಸಕಿ ಇನ್ನೊಮ್ಮೆ ನುಡಿಸುತ್ತಾರೆ. ಈ ಸಲ ಕೊನೆಯ ಸ್ವರದ ತನಕ ಹೋಗುತ್ತಾರೆ, ಫೋರ್ಟೆಪಿಯಾನೊದ ನಾದ ಬೇಗ ಆರಿದ ಮೇಲೂ ಕೀಲಿಯಿಂದ ಕೈ ತೆಗೆಯುವುದಿಲ್ಲ.